ಕಡಲಾಮೆಯ ಗುರುತು

ವಾಚಕರೇ, ಒಮ್ಮೆ ಕಂಡ ಕಡಲಾಮೆಯನ್ನು ಮತ್ತೆ ಕಂಡಾಗ ಅದೇ ಇದೆಂದು ಅರಿಯುವುದು ಹೇಗೆ? 1955ರಲ್ಲಿ ಕೋಸ್ಟರಿಕಾದ ಟೋರ್ಟುಗೇರೊ ತೀರದಲ್ಲಿ ಆರ್ಚಿ ಕಾರ್ ಎಂಬ ವಿದ್ವಾಂಸರು ಆಮೆಗಳಿಗೆ ಲೋಹದ ಬಿಲ್ಲೆ ತೊಡಿಸತೊಡಗಿದರು. ಚಿಪ್ಪಿಗೆ ತಂತಿಯಿಂದ ಬಿಗಿದವು ಕಳಚಿಹೋಗಲು, ದನದ ಕಿವಿಗೆ ಹಾಕುವಂಥವನ್ನು ಈಜುಗಾಲಿಗೆ ಚುಚ್ಚಿದರು. ಅವೂ ಶಾಶ್ವತವಲ್ಲ. ಬಿಲ್ಲೆ ಬಿದ್ದರೆ ಹಳೆಯ ಆಮೆಯೇ ಹೊಸದೆಂದು ಲೆಕ್ಕಕ್ಕೆ ಬರುತ್ತದೆ; ಸಂತತಿ ಬೆಳೆಯುತ್ತಿದೆಯೆಂಬ ಭ್ರಮೆ ಹುಟ್ಟಬಹುದು.

ಪ್ರಕೃತಿಯೇ ಬರೆದ ಗುರುತೊಂದುಂಟು. ಹಸಿರಾಮೆಯ ಕೆನ್ನೆಯ ಹುರುಪೆಗಳ ವಿನ್ಯಾಸ ಒಂದರಂತೆ ಇನ್ನೊಂದರದಿಲ್ಲ. ಎಡಗೆನ್ನೆಯಂತೆ ಬಲಗೆನ್ನೆಯೂ ಇಲ್ಲ. ತೊಗಲಾಮೆಗಾದರೋ ನೆತ್ತಿಯ ಮೇಲೆ ನಸುಗೆಂಪು ಮಚ್ಚೆ. ಸೇಂಟ್ ಕ್ರಾಯ್ ದ್ವೀಪದಲ್ಲಿ ಹೊಸವೆಂದು ಎಣಿಸಿದ್ದ ಆಮೆಗಳಲ್ಲಿ ಕೆಲವು ಹಳೆಯವೇ ಎಂಬುದನ್ನು ಈ ಮಚ್ಚೆಯ ಛಾಯಾಚಿತ್ರಗಳ ನೆರವಿನಿಂದ ಕಂಡುಕೊಂಡು 1996ರಲ್ಲಿ ಪ್ರಕಟಿಸಿದರು. ಇಂದು ಮುಳುಗುಗಾರರು ತೆಗೆದ ಚಿತ್ರಗಳನ್ನು ಗಣಕಯಂತ್ರ ಹೋಲಿಸಿಕೊಡುತ್ತದೆ. ಆಮೆಗೆ ನೋವಿಲ್ಲ. ಎಣಿಕೆ ದಿಟವಾದರಲ್ಲವೆ ರಕ್ಷಣೆ ದಿಟವಾಗುವುದು?