ಒರಟು ಹಾದಿಗೆ ಮೆತ್ತನೆಯ ಗಾಲಿ

ಗೋಥೆನ್‌ಬರ್ಗಿನ ಪೂರ್ವದ ಅಂಚಿನಲ್ಲಿ ಡೆಲ್‌ಶೋನ್ ಸರೋವರವನ್ನು ಬಳಸಿಕೊಂಡು ಹ್ಯಾರ್‌ಸ್ಕೂಗೆನ್ ಕಾಡಿನತ್ತ ಹೊರಟರೆ ಡಾಂಬರು ಮುಗಿದು ಜಲ್ಲಿಯ ಹಾದಿ ಸಿಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಸ್ವೀಡನ್ನಿನಲ್ಲಿ ಸರ್ಕಾರದ ಅನುದಾನ ಪಡೆಯುವ ಖಾಸಗಿ ರಸ್ತೆಗಳೇ 70,000 ಕಿಲೋಮೀಟರಿಗೂ ಹೆಚ್ಚಿವೆ. ಮರ ಸಾಗಿಸಲೆಂದು ಕಾಡಿನೊಳಗೆ ಮಾಡಿದ ದಾರಿಗಳ ಲೆಕ್ಕ ಬೇರೆ. ಇವುಗಳಲ್ಲಿ ಬಹುಪಾಲು ಜಲ್ಲಿಯವು. ಅಲ್ಲೆಮಾನ್ಸ್‌ರೆಟ್ಟೆನ್ ಎಂಬ ಇಲ್ಲಿನ ಸಾರ್ವಜನಿಕ ಹಕ್ಕಿನಿಂದಾಗಿ ಇವುಗಳ ಮೇಲೆ ಸೈಕಲ್ ತುಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಈ ಹಾದಿಗಳ ರುಚಿ ಹತ್ತಿದ ಸದಸ್ಯರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅದರೊಡನೆ, ವೈದ್ಯವೃತ್ತಿಯಲ್ಲಿರುವ ನಮ್ಮ ಬಳಿ ಬರುವ ಪ್ರಶ್ನೆಗಳೂ ಹೆಚ್ಚುತ್ತಿವೆ. ಎಂಬತ್ತು ಕಿಲೋಮೀಟರ್ ತುಳಿದು ಬಂದ ಮರುದಿನ ಕಿರುಬೆರಳು ಜೋಮು ಹಿಡಿದಿದೆ, ಕೂರಲಾಗುತ್ತಿಲ್ಲ, ಕುತ್ತಿಗೆ ತಿರುಗುತ್ತಿಲ್ಲ. ಇನ್ನೂ ಒಳ್ಳೆಯ ಸೈಕಲ್ ಕೊಳ್ಳಬೇಕೆ? ಇದಕ್ಕೆ ಉತ್ತರವನ್ನು ಅಂಗಡಿಯ ಬೆಲೆಪಟ್ಟಿಗಿಂತ ಮೊದಲು ಸೈಕಲ್ಲಿನ ಚರಿತ್ರೆಯಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ. ಒರಟು ಹಾದಿಯಲ್ಲಿ ಸುಖವಾಗಿ ಸಾಗುವ ವಿದ್ಯೆಯನ್ನು ಸೈಕಲ್ ಒಮ್ಮೆ ಕಲಿತಿತ್ತು. ರಸ್ತೆಗಳು ನಯವಾದ ಕಾಲದಲ್ಲಿ ಅದನ್ನು ಮರೆತು, ಈಗ ಮತ್ತೆ ಕಲಿಯುತ್ತಿದೆ. ನಮ್ಮ ತಂದೆ-ತಾತಂದಿರ ಸೈಕಲ್ಲು ಆ ವಿದ್ಯೆಯನ್ನು ಕೊನೆಯವರೆಗೂ ಮರೆತಿರಲಿಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಕುಟುಂಬದ ಹೆಸರಿನಲ್ಲಿ ಪ್ರಸಿದ್ಧವಾದ ಪೆಡಲ್ ಸೈಕಲ್ಲಿಗೆ ಮರದ ಗಾಲಿ, ಅದರ ಮೇಲೆ ಕಬ್ಬಿಣದ ಪಟ್ಟಿ. ನಮ್ಮ ಎತ್ತಿನ ಗಾಡಿಯ ಗಾಲಿಯೂ ಇದೇ ಜಾತಿಯದು. ಇಂಗ್ಲಿಷರು ಆ ವಾಹನಕ್ಕೆ 'ಬೋನ್‌ಶೇಕರ್', ಅಂದರೆ ಮೂಳೆ ಅಲುಗಿಸುವ ಯಂತ್ರ, ಎಂದು ಹೆಸರಿಟ್ಟರು. ಇದಕ್ಕೆ ಮದ್ದು ಅದಕ್ಕಿಂತ ಮೊದಲೇ ಸಿದ್ಧವಾಗಿತ್ತೆಂಬುದು ಸ್ವಾರಸ್ಯ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಿದ್ದ. ಕುದುರೆಗಾಡಿಗಳ ಕಾಲದಲ್ಲಿ ಅದು ಯಾರಿಗೂ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಮಗನ ತ್ರಿಚಕ್ರದ ಸೈಕಲ್ಲಿಗೆಂದು ಅದೇ ಉಪಾಯವನ್ನು ಮರಳಿ ಕಂಡುಕೊಂಡ. ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ಎಂಜಿನಿಯರುಗಳಿಗೆ ಹೊಳೆಯದ್ದು ವೈದ್ಯನಿಗೆ ಹೊಳೆಯಿತೆಂದು ನಾವು ಸ್ವಲ್ಪ ಬೀಗಿದರೆ ಎಂಜಿನಿಯರ್ ಮಿತ್ರರು ಕ್ಷಮಿಸಬೇಕು. ಮರುವರ್ಷ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಟೈರುಗಳ ಮೇಲೆ ಗೆದ್ದ ನಂತರ, ಮೆತ್ತನೆಯ ಗಾಲಿ ನಿಧಾನವೆಂಬ ನಗೆಚಾಟಿಕೆ ನಿಂತುಹೋಯಿತು.

ಗಾಳಿಯ ಕೆಲಸ ಸರಳವಾದದ್ದು. ಗಟ್ಟಿ ಗಾಲಿ ಕಲ್ಲಿನ ಮೇಲೆ ಹತ್ತಿದಾಗ ಸೈಕಲ್ಲೂ ಸವಾರನೂ ಇಬ್ಬರೂ ಮೇಲೇಳಬೇಕು, ಮತ್ತೆ ಇಳಿಯಬೇಕು. ಮೆತ್ತನೆಯ ಗಾಲಿ ಕಲ್ಲನ್ನು ತನ್ನೊಳಗೆ ಅದುಮಿಕೊಂಡು ಮುಂದೆ ಸಾಗುತ್ತದೆ. ಮೇಲೆ ಕೆಳಗೆ ಕುಲುಕುವ ದೇಹದ ಸ್ನಾಯುಗಳಲ್ಲಿ ವ್ಯರ್ಥವಾಗುವ ಶಕ್ತಿಯೂ ನಾವು ತುಳಿದು ಗಳಿಸಿದ್ದೇ ತಾನೆ? ಹಾಗಾಗಿ ಒರಟು ನೆಲದಲ್ಲಿ ಸುಖಕ್ಕೂ ವೇಗಕ್ಕೂ ಜಗಳವಿಲ್ಲ.

ಗಾಳಿಯ ಟೈರು ಬಂದಮೇಲೂ ದೇಹದ ದೂರುಗಳು ಮುಗಿಯಲಿಲ್ಲ, ಏಕೆಂದರೆ ಜನ ಇನ್ನೂ ದೂರ ಹೋಗತೊಡಗಿದರು. 1896ರಲ್ಲಿ ಫ್ರಾನ್ಸಿನ ವೈದ್ಯ ಏತಿಯೆನ್ ದೆಸ್ತೊ ಸೈಕಲ್ ಸವಾರಿಯಿಂದ ಉಂಟಾದ ಅಲ್ನಾರ್ ನರದ ದೌರ್ಬಲ್ಯವನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದ. ಈ ನರ ಮುಂಗೈಯಿಂದ ಅಂಗೈಗೆ ಇಳಿಯುವಾಗ ಕಿರುಬೆರಳಿನ ಬದಿಯ ಎರಡು ಸಣ್ಣ ಮೂಳೆಗಳ ನಡುವಿನ ಇಕ್ಕಟ್ಟಾದ ಓಣಿಯೊಂದರ ಮೂಲಕ ಹಾದುಹೋಗುತ್ತದೆ. ಅದನ್ನು 1861ರಲ್ಲಿ ವಿವರಿಸಿದ ಫೆಲಿಕ್ಸ್ ಗುಯೋನ್ ಹೆಸರಿನಿಂದಲೇ ಅದು ಇಂದಿಗೂ ಗುರುತಾಗಿದೆ. ಮುಂದಕ್ಕೆ ಬಾಗಿ ದೇಹದ ಭಾರವನ್ನು ಅಂಗೈಯ ಬುಡದ ಮೇಲೆ ಹೊರಿಸಿ, ಗಂಟೆಗಟ್ಟಲೆ ಜಲ್ಲಿಯ ಕಂಪನವನ್ನು ಉಣಿಸಿದರೆ ಪೆಟ್ಟು ಬೀಳುವುದು ಇಲ್ಲಿಗೇ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಬಲವಾಗಿ ತಗುಲಿದರೆ ಬೆರಳುಗಳನ್ನು ಅಗಲಿಸುವ ಶಕ್ತಿಯೇ ಕುಗ್ಗುತ್ತದೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಇಂದು ನಮಗೆ ಕೇಳಿಬರುವ ದೂರು 1896ರದೇ.

ಸೀಟಿನ ಕಥೆಯೂ ಅಷ್ಟೇ ಹಳೆಯದು. ಬರ್ಮಿಂಗ್‌ಹ್ಯಾಮಿನ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1882ರಲ್ಲಿ ತೊಗಲಿನ ಸೀಟಿಗೆ ಪೇಟೆಂಟ್ ಪಡೆದ. ಬಿಗಿದು ಕಟ್ಟಿದ ತೊಗಲು ಕಾಲಕ್ರಮದಲ್ಲಿ ಸವಾರನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. 1890ರ ದಶಕದ ಅಮೆರಿಕದಲ್ಲಿ ಕ್ರಿಸ್ಟಿ ಎಂಬ ಹೆಸರಿನ 'ಅಂಗರಚನಾ' ಸೀಟುಗಳು ಮಾರಾಟಕ್ಕಿದ್ದವು. ಕೂರುವ ಎರಡು ಮೂಳೆಗಳಿಗೆ ಎರಡು ಮೆತ್ತೆ, ನಡುವಿನ ಮೃದುಭಾಗಕ್ಕೆ ಒತ್ತಡ ತಾಗದಂತೆ ಖಾಲಿ ಜಾಗ. ಇಂದು ಹೊಸ ಸಂಶೋಧನೆಯೆಂದು ದುಬಾರಿ ಬೆಲೆಗೆ ಮಾರುವ ನಡುಸೀಳಿನ ಸೀಟುಗಳ ಮುತ್ತಜ್ಜಿ ಅದು.

ಈಗ ನಮ್ಮ ನಾಡಿನ ಸೈಕಲ್ಲಿಗೆ ಬರೋಣ. 1949ರಲ್ಲಿ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಂಪನಿಗಳು ಆರಂಭವಾದವು. ಮೂವರೂ ತಯಾರಿಸಿದ ಕಪ್ಪು ಸೈಕಲ್ಲಿನ ಮಾದರಿ ಇಂಗ್ಲೆಂಡಿನ ರೋಡ್‌ಸ್ಟರ್. ಮೇಷ್ಟರು, ಅಂಚೆಯವರು, ಹಾಲಿನವರು, ಗ್ರಾಮಸೇವಕರು, ಸರ್ಕಾರಿ ಕಂಪೌಂಡರು ಎಲ್ಲರೂ ತುಳಿದದ್ದು ಇದನ್ನೇ. ಮಲೆನಾಡಿನ ಕೆಸರಿರಲಿ, ಬಯಲುಸೀಮೆಯ ಗರಸಿನ ರಸ್ತೆಯಿರಲಿ, ಹಿಂದೆ ಕ್ಯಾರಿಯರಿನ ಮೇಲೆ ಒಂದು ಮೂಟೆ, ಮುಂದೆ ಬಾರಿನ ಮೇಲೆ ಒಂದು ಮಗು. ಕಾಲು ಎಟುಕದ ವಯಸ್ಸಿನಲ್ಲಿ ಒಳಪೆಡಲು ತುಳಿದು ಕಲಿತವರು ನಮ್ಮ ಓದುಗರಲ್ಲಿಯೂ ಅನೇಕರಿರಬಹುದು.

ಆ ಸೈಕಲ್ಲನ್ನು ವೈದ್ಯನ ಕಣ್ಣಿನಿಂದ ಒಮ್ಮೆ ನೋಡಬೇಕು. ಹ್ಯಾಂಡಲ್ ಸೀಟಿನಷ್ಟೇ ಎತ್ತರ ಅಥವಾ ಇನ್ನೂ ಮೇಲೆ, ಹಿಡಿಗಳು ಸವಾರನತ್ತ ಹಿಂದಕ್ಕೆ ಬಾಗಿವೆ. ಹೀಗಾಗಿ ಬೆನ್ನು ನೆಟ್ಟಗೆ, ಮಣಿಕಟ್ಟು ನೇರ, ಅಂಗೈಯ ಮೇಲೆ ಭಾರವೇ ಇಲ್ಲ. ಭಾರವೆಲ್ಲ ಸೀಟಿನ ಮೇಲಿರುವುದರಿಂದ ಸೀಟು ಅಗಲವಾಗಿದೆ, ಅದರಡಿ ಸುರುಳಿ ಸ್ಪ್ರಿಂಗುಗಳಿವೆ. ಮುಂದಿನ ಫೋರ್ಕು ನೆಟ್ಟಗೆ ನಿಲ್ಲದೆ ಮುಂದಕ್ಕೆ ಚಾಚಿ ಬಾಗಿದೆ, ಎರಡು ಗಾಲಿಗಳ ನಡುವೆ ಅಂತರ ಹೆಚ್ಚು. ಗುಂಡಿಯ ಪೆಟ್ಟನ್ನು ಉಕ್ಕಿನ ಫೋರ್ಕು ಸ್ವಲ್ಪ ನುಂಗಿಕೊಳ್ಳುತ್ತದೆ, ಹ್ಯಾಂಡಲ್ ಹಠಾತ್ತನೆ ತಿರುಗುವುದಿಲ್ಲ. ಟೈರಿನ ಅಳತೆ 28 × 1½. ಅಂತರರಾಷ್ಟ್ರೀಯ ಸಂಕೇತದಲ್ಲಿ 40-635, ಅಂದರೆ ಅಗಲ 40 ಮಿಲಿಮೀಟರ್, ರಿಮ್ಮಿನ ವ್ಯಾಸ 635. ಇಂದು ಗೋಥೆನ್‌ಬರ್ಗಿನ ಅಂಗಡಿಯಲ್ಲಿ ಗ್ರಾವೆಲ್ ಸೈಕಲ್ಲೊಂದರ ಟೈರಿನ ಅಂಚನ್ನು ಓದಿನೋಡಿ. 40-622 ಎಂದಿರುವುದು ಅಪರೂಪವೇನಲ್ಲ. ಅಗಲ ಅದೇ, ವ್ಯಾಸದಲ್ಲಿ ಮಾತ್ರ 13 ಮಿಲಿಮೀಟರ್ ಕಡಿಮೆ.

ಹಳೆಯದೆಲ್ಲವನ್ನೂ ಹೊನ್ನೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಆ ಸೈಕಲ್ಲಿಗೆ ಒಂದೇ ಗೇರು, ಸುಮಾರು 20 ಕಿಲೋ ತೂಕ, ಮಳೆಯಲ್ಲಿ ದೇವರೇ ಗತಿಯೆನ್ನುವಂಥ ರಾಡ್ ಬ್ರೇಕು. ಏರು ಬಂದರೆ ಇಳಿದು ತಳ್ಳುವುದೇ ಪದ್ಧತಿ. ಆದರೆ ಒರಟು ಹಾದಿಯಲ್ಲಿ ದೇಹಕ್ಕೆ ಬೇಕಾದುದನ್ನು ಅದು ಅರಿತಿತ್ತು.

ಸ್ವೀಡನ್ನಿಗೂ ಇಂಥದೇ ಚರಿತ್ರೆಯಿದೆ. 1901ರಲ್ಲಿ ಗೋಟ್‌ಲ್ಯಾಂಡ್ ದ್ವೀಪದ ಪದಾತಿದಳ ಕುದುರೆಗಳ ಬದಲು ಸೈಕಲ್ಲುಗಳನ್ನು ತಂದಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ದೇಶದಲ್ಲಿ ಆರು ಸೈಕಲ್ ದಳಗಳಿದ್ದವು. ಅವರಿಗೆ ಕೊಟ್ಟ ಎಂ/42 ಮಾದರಿಯ ಸೈಕಲ್ಲು ಭಾರವಾದದ್ದು, ದಪ್ಪ ಟೈರಿನದು, ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವಂಥದು. ಸೈನಿಕರು ಹಗ್ಗ ಹಿಡಿದು ಸಾಲಾಗಿ ಟ್ರ್ಯಾಕ್ಟರಿನ ಹಿಂದೆ ಎಳೆಸಿಕೊಂಡು ಹೋಗುವುದೂ ಇತ್ತು.

ಇನ್ನು 1951ರ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಉತ್ತರ ತುದಿಯ ಹಾಪರಾಂಡದಿಂದ ದಕ್ಷಿಣದ ಈಸ್ಟಾಡ್‌ವರೆಗೆ 1,700 ಕಿಲೋಮೀಟರಿಗೂ ಹೆಚ್ಚು ದೂರದ ಸೈಕಲ್ ಪಂದ್ಯ ಏರ್ಪಟ್ಟಿತ್ತು. 1885ರಲ್ಲಿ ಹುಟ್ಟಿದ ಗುಸ್ತಾಫ್ ಹೋಕನ್ಸನ್ ಅವರಿಗೆ ವಯಸ್ಸಾಯಿತೆಂದು ಸಂಘಟಕರು ಪ್ರವೇಶ ಕೊಡಲಿಲ್ಲ. ಅವರು ಎದೆಯ ಮೇಲೆ ಸೊನ್ನೆಯ ಸಂಖ್ಯೆ ಅಂಟಿಸಿಕೊಂಡು ಉಳಿದವರ ಹಿಂದೆ ಹೊರಟರು. ಪಂದ್ಯದವರು ರಾತ್ರಿ ಮಲಗಿದಾಗಲೂ ತುಳಿದು, ಅವರಿಗಿಂತ ಸುಮಾರು ಒಂದು ದಿನ ಮೊದಲೇ ಈಸ್ಟಾಡ್ ತಲುಪಿದರು. ಪತ್ರಿಕೆಗಳು ಆ ಬಿಳಿಗಡ್ಡದ ಸವಾರರನ್ನು 'ಸ್ಟೋಲ್‌ಫಾರ್‌ಫಾರ್', ಅಂದರೆ ಉಕ್ಕಿನ ತಾತ, ಎಂದು ಕರೆದವು. ಅವರ ವಾಹನ ಮಡ್‌ಗಾರ್ಡು, ದೀಪ, ಸಾಮಾನು ಚೀಲಗಳಿದ್ದ ಸಾಮಾನ್ಯ ಸೈಕಲ್ಲು, ಹಾದಿಯಲ್ಲಿ ದೊಡ್ಡ ಪಾಲು ಜಲ್ಲಿ. ಅವರು 101 ವರ್ಷ ಬದುಕಿದರು. ಸೈಕಲ್ಲಿನಿಂದಲೇ ಎಂದು ಹೇಳಲು ವೈದ್ಯರಾದ ನಮಗೆ ಧೈರ್ಯ ಸಾಲದು.

ಗೋಥೆನ್‌ಬರ್ಗಿನವರಾದ ನಾವು ಇಲ್ಲೊಂದು ಅಡ್ಡಮಾತು ಆಡದಿದ್ದರೆ ಹೇಗೆ? ಪೆಡಲು, ಗಾಲಿ ಸಲೀಸಾಗಿ ತಿರುಗುವಂತೆ ಮಾಡುವ ಬಾಲ್ ಬೇರಿಂಗಿಗೆ 1869ರಲ್ಲಿಯೇ ಪ್ಯಾರಿಸ್ಸಿನ ಜೂಲ್ ಸುರಿರೇ ಪೇಟೆಂಟ್ ಪಡೆದದ್ದು ಸೈಕಲ್ಲಿಗಾಗಿ. ಮುಂದೆ 1907ರಲ್ಲಿ ನಮ್ಮ ಗಾಮ್ಲೆಸ್ತಾಡೆನ್ ಬಡಾವಣೆಯ ಬಟ್ಟೆ ಗಿರಣಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್, ಜೇಡಿನೆಲ ಕುಸಿದು ಯಂತ್ರದ ದಂಡಗಳು ಓರೆಯಾದಾಗಲೂ ಕೆಡದೆ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ರೂಪಿಸಿ ಎಸ್.ಕೆ.ಎಫ್. ಕಂಪನಿಗೆ ಅಡಿಪಾಯ ಹಾಕಿದರು. ನಮ್ಮ ಎಷ್ಟೋ ಕುಟುಂಬಗಳ ಅನ್ನದ ದಾರಿ ಆ ಜೇಡಿಮಣ್ಣಿನಿಂದ ಹೊರಟದ್ದು.

ಹಾಗಾದರೆ ಮರೆವು ಬಂದದ್ದು ಯಾವಾಗ? ಯುದ್ಧಾನಂತರ ಯೂರೋಪಿನ ರಸ್ತೆಗಳು ಡಾಂಬರು ಕಂಡಂತೆ ಪಂದ್ಯದ ಸೈಕಲ್ಲೇ ಎಲ್ಲ ಸೈಕಲ್ಲುಗಳಿಗೂ ಆದರ್ಶವಾಯಿತು. ಕಿರಿದಾದ ಟೈರು, ಕಲ್ಲಿನಂತೆ ಬಿಗಿದ ಗಾಳಿ, ಸೀಟಿಗಿಂತ ಬಹಳ ಕೆಳಗಿನ ಹ್ಯಾಂಡಲ್. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ 23 ಮಿಲಿಮೀಟರ್ ಟೈರು, 8 ಬಾರ್ ಒತ್ತಡ ಎಂಬುದು ವೇದವಾಕ್ಯವಾಗಿತ್ತು. ಅಗಲ ಟೈರಿನ ಪರವಾಗಿ ವಾದಿಸಿದ ಫ್ರಾನ್ಸಿನ ಪಾಲ್ ದ ವಿವಿಯಂಥವರ ಮಾತು ಪ್ರವಾಸಿ ಸವಾರರ ಸಣ್ಣ ಬಳಗದಲ್ಲಿ ಮಾತ್ರ ಉಳಿದಿತ್ತು. ಅಮೆರಿಕದ ಸಿಯಾಟಲ್ಲಿನ ಯಾನ್ ಹೈನೆ ತಮ್ಮ ಪತ್ರಿಕೆಯಲ್ಲಿ ನಿಜವಾದ ರಸ್ತೆಯ ಮೇಲಿನ ಟೈರು ಪರೀಕ್ಷೆಗಳನ್ನು ಪ್ರಕಟಿಸಿ, ಅಗಲ ಟೈರು ನಿಧಾನವಲ್ಲವೆಂದು ತೋರಿಸಿದ್ದು ಈ ಶತಮಾನದಲ್ಲಿ. ಜಲ್ಲಿ ಹಾದಿಯ ದೊಡ್ಡ ಪಂದ್ಯವೆನಿಸಿದ ಕಾನ್ಸಾಸಿನ 200 ಮೈಲಿಯ ಸ್ಪರ್ಧೆ 2006ರಲ್ಲಿ ಆರಂಭವಾಯಿತು. ಸೀಟಿನ ವಿಷಯದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹ. ಅಮೆರಿಕದ 90 ಸೈಕಲ್ ಪೊಲೀಸರು ಆರು ತಿಂಗಳು ಮುಂಚಾಚಿಲ್ಲದ ಸೀಟು ಬಳಸಿದಾಗ, ತೊಡೆಸಂದಿನ ಮೃದುಭಾಗದ ಮೇಲಿನ ಒತ್ತಡವೂ ಜೋಮೂ ಗಣನೀಯವಾಗಿ ತಗ್ಗಿದವು. ಗಂಡಸರು ಇದನ್ನು ಹೇಳಿಕೊಳ್ಳಲು ನಾಚುತ್ತಾರೆ. ನಾಚದೆ ಹೇಳಿಕೊಳ್ಳುವುದು ಲೇಸು, ಏಕೆಂದರೆ ಅಲ್ಲಿನ ಜೋಮು ನರ ಮತ್ತು ರಕ್ತನಾಳಗಳು ಅದುಮಿಹೋಗುತ್ತಿರುವ ಸೂಚನೆ. ಹೆಂಗಸರಿಗೂ ಇದು ತಪ್ಪಿದ್ದಲ್ಲ. ಕೂರುವ ಮೂಳೆಗಳ ನಡುವಿನ ಅಂತರ ಅವರಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಪತಿಯ ಹಳೆಯ ಸೈಕಲ್ಲನ್ನು ಪತ್ನಿಗೆ ದಾಟಿಸುವಾಗ ಸೀಟನ್ನಾದರೂ ಬದಲಿಸಬೇಕು.

ಇಷ್ಟು ಚರಿತ್ರೆಯನ್ನು ಇಟ್ಟುಕೊಂಡು ಸೈಕಲ್ ಹೊಂದಿಸಲು ಹೊರಟರೆ, ನಮ್ಮ ಲೆಕ್ಕದಲ್ಲಿ ಮೊದಲ ಖರ್ಚು ಟೈರಿಗೆ. ಫೋರ್ಕಿನಲ್ಲಿ ಜಾಗವಿದ್ದರೆ 40ರಿಂದ 45 ಮಿಲಿಮೀಟರ್, ಟ್ಯೂಬ್ ಇಲ್ಲದ ಬಗೆಯದಾದರೆ ಇನ್ನೂ ಒಳ್ಳೆಯದು. 75 ಕಿಲೋ ತೂಕದ ಸವಾರರಿಗೆ 45 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರಿನಲ್ಲಿ 2 ಬಾರ್ ಆಸುಪಾಸಿನ ಗಾಳಿಯಿಂದ ಆರಂಭಿಸಬಹುದು. ರಿಮ್ಮು ಕಲ್ಲಿಗೆ ತಗುಲಿದರೆ ಸ್ವಲ್ಪ ಏರಿಸುವುದು, ಕೈ ನಡುಗಿದರೆ ಸ್ವಲ್ಪ ಇಳಿಸುವುದು. ಊರಿನ ಪಂಕ್ಚರ್ ಅಂಗಡಿಯವರು ಹೆಬ್ಬೆರಳಿನಿಂದ ಒತ್ತಿ ಹೇಳುತ್ತಿದ್ದ ತೀರ್ಪು ಇಲ್ಲಿ ಸಾಲದು, ಒತ್ತಡ ತೋರುವ ಪಂಪು ಬೇಕು.

ಎರಡನೆಯದು ಹ್ಯಾಂಡಲ್. ಅದನ್ನು ಸೀಟಿನ ಮಟ್ಟಕ್ಕೆ ತಂದರೆ ಅಂಗೈಯ ಭಾರ ಇಳಿಯುತ್ತದೆ. ಮಣಿಕಟ್ಟು ಹಿಂದಕ್ಕೆ ಮಡಿಯದೆ ಮುಂಗೈಯ ನೇರದಲ್ಲಿರಬೇಕು, ಹಿಡಿತವನ್ನು ಆಗಾಗ ಬದಲಿಸುತ್ತಿರಬೇಕು. ಸೀಟಿನ ಎತ್ತರ, ಪೆಡಲು ತಳದಲ್ಲಿರುವಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರುವಷ್ಟು. ಸೀಟಿನ ಮೂತಿ ಮೇಲಕ್ಕೆದ್ದರೆ ತೊಡೆಸಂದಿಗೆ ಕೇಡು, ಕೆಳಕ್ಕೆ ಇಳಿದರೆ ದೇಹ ಜಾರಿ ಮತ್ತೆ ಅಂಗೈಗೇ ಭಾರ. ಆದ್ದರಿಂದ ಸಮತಟ್ಟಿನಿಂದ ಆರಂಭಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಎರಡು ಸವಾರಿ ನೋಡುವುದು ಒಳ್ಳೆಯದು. ಮೆತ್ತನೆಯ ಜೆಲ್ ಸೀಟು ಅಂಗಡಿಯಲ್ಲಿ ಹಿತವೆನಿಸುತ್ತದೆ. ಮೂರನೆಯ ಗಂಟೆಯಲ್ಲಿ ಮೂಳೆ ಅದರೊಳಗೆ ಹೂತು, ನಡುವಿನ ಭಾಗವೇ ಒತ್ತಡ ಹೊರುತ್ತದೆ. ಮೂಳೆಯ ಅಂತರಕ್ಕೆ ಹೊಂದುವ, ತುಸು ಗಟ್ಟಿಯಾದ ಸೀಟೇ ದೂರದ ಹಾದಿಗೆ ಲೇಸು.

ಬೆರಳಿನ ಜೋಮು ಕೆಲವು ದಿನಗಳಾದರೂ ಇಳಿಯದಿದ್ದರೆ, ಅಥವಾ ಬೆರಳುಗಳನ್ನು ಅಗಲಿಸಲು ಬಲ ಸಾಲದಿದ್ದರೆ, ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿರದ ವೋರ್ಡ್‌ಸೆಂಟ್ರಾಲಿಗೆ ಹೋಗತಕ್ಕದ್ದು. ಹೊಸಬರಿಗೆ ಯೋಟಾ ಕಾಲುವೆಯ ಪಕ್ಕದ ಹಾದಿ ತಕ್ಕದ್ದು. ಹಿಂದೆ ಎತ್ತುಗಳು ದೋಣಿ ಎಳೆದ ದಾರಿಯಾದ್ದರಿಂದ ಅಲ್ಲಿ ಏರಿಳಿತ ಕಡಿಮೆ, ಜಲ್ಲಿಯೂ ಸಣ್ಣದು. ಹ್ಯಾರ್‌ಸ್ಕೂಗೆನ್ನಿನ ಏರುಗಳನ್ನು ಆಮೇಲೆ ನೋಡಿಕೊಳ್ಳಬಹುದು. ವಸಂತದ ಮೊದಲಲ್ಲಿ ನೆಲದೊಳಗಿನ ಹಿಮ ಕರಗುವಾಗ ಈ ಹಾದಿಗಳು ನಮ್ಮೂರಿನ ಶ್ರಾವಣದ ಮಣ್ಣುರಸ್ತೆಯಂತೆ ಮೆತ್ತಗಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತವೆ. ಮೇ ತಿಂಗಳ ಹೊತ್ತಿಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ.