ನಂಬಿಕೆ ಬಲಿಯುವ ಬಗೆ : ರೆವರೆಂಡ್ ಕಿಟ್ಟೆಲರ ಬದುಕಿನಿಂದ ಒಂದು ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಮದರಾಸಿನ ಕನ್ನಡಿಗರ ಒಂದು ರಾಜ್ಯೋತ್ಸವ ಸಮಾರಂಭಕ್ಕೆ ನಾವು ಸಂಸಾರಸಮೇತರಾಗಿ ಎಣ್ಣೂರಿನಿಂದ ರೈಲು ಹತ್ತಿ ಹೋಗಿದ್ದೆವು. ನಮ್ಮ ಹೆಸರು ಕೇಳಿದ ಹಿರಿಯರೊಬ್ಬರು, "ನೀವು ಕ್ರೈಸ್ತರೇ? ಆದರೂ ಕನ್ನಡ ಎಷ್ಟು ಚೆನ್ನಾಗಿ ಆಡುತ್ತೀರಿ!" ಎಂದರು. ಅವರು ಆಡಿದ್ದು ಮೆಚ್ಚುಗೆಯ ಮಾತೇ. ಆದರೆ ಆ 'ಆದರೂ' ಎಂಬ ಮೂರಕ್ಷರ ನಮ್ಮನ್ನು ಚುಚ್ಚಿತು. ಊಟಕ್ಕೂ ನಿಲ್ಲದೆ ಮನೆಗೆ ಮರಳಿದೆವು. ಎರಡು ವರ್ಷ ಅತ್ತ ಸುಳಿಯಲಿಲ್ಲ. ಆ ಎರಡು ವರ್ಷವೂ ಪ್ರತಿ ಭಾನುವಾರ ಚರ್ಚಿನಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆಂದು ಬಾಯಿತುಂಬ ಹೇಳಿಬರುತ್ತಿದ್ದೆವು ಎಂಬುದನ್ನು ಓದುಗರಲ್ಲಿ ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಸರ್ಕಾರಿ ನೌಕರನ ವಯಸ್ಸು ಅವನ ಸೇವಾ ಪುಸ್ತಕದಲ್ಲಿ ದಾಖಲಾಗಿರುತ್ತದೆ. ನಂಬಿಕೆಯ ವಯಸ್ಸನ್ನು ಎಲ್ಲಿ ನೋಡುವುದು? ಹುಟ್ಟಿನಿಂದ ಕ್ರೈಸ್ತರಾದ ನಾವು ನಲವತ್ತು ದಾಟಿದ ಮೇಲೂ ಒಂದು ಮಾತಿಗೆ ಮಗುವಿನಂತೆ ಮುನಿದೆವಲ್ಲ, ಹಾಗಾದರೆ ಬೆಳೆದದ್ದು ಏನು? ಈ ಪ್ರಶ್ನೆಗೆ ಉತ್ತರದ ದಾರಿ ನಮಗೆ ದೊರೆತದ್ದು ಒಂದು ನಿಘಂಟಿನಲ್ಲಿ, ಅದನ್ನು ಕಟ್ಟಿದವರ ಬದುಕಿನಲ್ಲಿ. ಅದನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯ ಮೊದಲ ಪ್ರಚಾರಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ಮೇಲೆ ಹೆರ್ಮನ್ ಮೋಗ್ಲಿಂಗ್ ಬಂದರು. ಅವರು ಬಂದ ಉದ್ದೇಶ ಮತಪ್ರಚಾರ. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. 1844ರಲ್ಲಿ ಆನಂದರಾಯ ಕೌಂಡಿಣ್ಯ ಮೊದಲಾದ ಕೆಲವು ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಮಿಶನ್ ಮನೆಯಲ್ಲಿ ಅದು ಸಂತೋಷದ ದಿನ. ಆ ಹುಡುಗರು ಬಿಟ್ಟುಬಂದ ಮನೆಗಳಲ್ಲಿ ಅದು ದುಃಖದ ದಿನ. ಒಂದೇ ಸಂಗತಿಯ ಈ ಎರಡು ಮುಖಗಳನ್ನು ಒಟ್ಟಿಗೆ ನೋಡಬಲ್ಲ ಕಣ್ಣು ಹೊಸ ಹುರುಪಿನಲ್ಲಿ ಇರುವುದಿಲ್ಲ. ಅದು ಬರಲು ಕಾಲ ಬೇಕು.

ಮೋಗ್ಲಿಂಗರಲ್ಲಿ ಆ ಕಣ್ಣು ಕ್ರಮೇಣ ತೆರೆಯಿತೆಂದು ಅವರ ಕೆಲಸವೇ ಹೇಳುತ್ತದೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು ಅವರೇ. ಮುಂದೆ 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಖರ್ಚಿಗೆ ಹಣ ಕೊಟ್ಟವರು ಮದರಾಸು ಪ್ರಾಂತದ ನಿವೃತ್ತ ನ್ಯಾಯಾಧೀಶ ಕಸಮಾಜರ್ ಅವರೆಂಬುದು ನಾವು ಮದರಾಸಿನವರು ನೆನೆಯಬೇಕಾದ ಸಂಗತಿ. ಬೋಧಿಸಲು ಬಂದವರು ಕೇಳಲು ಕುಳಿತರು. ಕೌಂಡಿಣ್ಯರಾದರೋ ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದ ಮೇಲೂ ಕೊನೆಯವರೆಗೆ ಕೌಂಡಿಣ್ಯರಾಗಿಯೇ ಉಳಿದರು. ಮನೆತನದ ಹೆಸರನ್ನು ಬಿಡಲಿಲ್ಲ.

ಇನ್ನು ಫರ್ಡಿನೆಂಡ್ ಕಿಟ್ಟೆಲರ ವಿಷಯ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನಲ್ಲೇ ನಾವು ಬಿ.ಎಸ್ಸಿ. ಓದಿದೆವು. ಮೂರು ವರ್ಷ ದಿನವೂ ಆ ಫಲಕದ ಕೆಳಗೆ ನಡೆದಾಡಿಯೂ ಈ ಮಹಾನುಭಾವರು ಯಾರೆಂದು ಒಮ್ಮೆಯೂ ವಿಚಾರಿಸಲಿಲ್ಲ. ಜರ್ಮನಿಯ ಉತ್ತರ ತೀರದ ಒಂದು ಹಳ್ಳಿಯಲ್ಲಿ, ಪಾದ್ರಿಯ ಮಗನಾಗಿ, 1832ರಲ್ಲಿ ಅವರ ಜನನ. 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕನ್ನಡನಾಡಿಗೆ ಬಂದರು. ಜನರಿಂದ ದೂರದ ಬಂಗಲೆಯಲ್ಲಿ ಕುಳಿತು ಉಪದೇಶ ಮಾಡುವುದು ಅವರಿಗೆ ಒಗ್ಗಲಿಲ್ಲ. ಕನ್ನಡಿಗರ ನಡುವೆ ಕನ್ನಡಿಗನಾಗಿರಬೇಕು, ಸರಳವಾಗಿ ಬಾಳಬೇಕು ಎಂಬ ಹಟ ಅವರದು. ಈ ಹಟದ ದೆಸೆಯಿಂದ ಮಿಶನ್ನಿನ ಹಿರಿಯರಿಗೂ ಅವರಿಗೂ ಸರಿಬೀಳದೆ ಹೋಯಿತು.

ಧಾರವಾಡ, ನೀಲಗಿರಿ, ಮಂಗಳೂರು, ಮಡಿಕೇರಿ ಎಂದು ಅವರು ಊರಿಂದೂರಿಗೆ ತಿರುಗಿದರು. ವರ್ಗಾವಣೆಯ ಆದೇಶ ಹಿಡಿದು ಪೆಟ್ಟಿಗೆ ಕಟ್ಟುವುದು ಎಂಥದೆಂದು ಕೇಂದ್ರ ಸರ್ಕಾರದ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಬೇರೊಬ್ಬರಾಗಿದ್ದರೆ ರಾಜೀನಾಮೆ ಬರೆದು ಹಡಗು ಹತ್ತುತ್ತಿದ್ದರು. ಇಲ್ಲವೆ, ನಮ್ಮಂತೆ, ಮುನಿಸಿಕೊಂಡು ಮನೆಯಲ್ಲಿ ಕೂರುತ್ತಿದ್ದರು. ಕಿಟ್ಟೆಲರು ಎರಡನ್ನೂ ಮಾಡಲಿಲ್ಲ. ಹೋದ ಊರಿನಲ್ಲೆಲ್ಲ ಭಾಷೆ ಕಲಿತರು. 1862ರಲ್ಲಿ ಕ್ರಿಸ್ತನ ಚರಿತೆಯನ್ನು ನಮ್ಮ ದೇಶೀ ಛಂದಸ್ಸಿನ ಧಾಟಿಯಲ್ಲಿ 'ಕಥಾಮಾಲೆ' ಎಂದು ಹಾಡಾಗಿಸಿದರು.

ಮನೆಯ ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಕೈಹಿಡಿದ ಪೌಲೀನ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯೆಯೊಡನೆ ಮರುಮದುವೆಯಾಯಿತು. ದುಃಖ ಕೆಲವರನ್ನು ಕಹಿಯಾಗಿಸುತ್ತದೆ, ಕೆಲವರನ್ನು ಮಾಗಿಸುತ್ತದೆ. ಕಿಟ್ಟೆಲರ ಬದುಕಿನಲ್ಲಿ ಅದರ ಮೇಲೆ ಬಂದ ವರ್ಷಗಳು ದೊಡ್ಡ ದುಡಿಮೆಯ ವರ್ಷಗಳು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಹೊರಬಂದವು. ಆ ಮೇಲೆ ನಿಘಂಟು.

ಆ ಕೆಲಸ ಎಂಥದೆಂದು ಊಹಿಸಿಕೊಳ್ಳಿ. ಓಲೆಗರಿಗಳನ್ನು ಓದಬೇಕು. ಜೈನ, ವೀರಶೈವ, ಬ್ರಾಹ್ಮಣ ಕವಿಗಳೆಲ್ಲರ ಕಾವ್ಯಗಳನ್ನು ಪಂಡಿತರ ನೆರವಿನಿಂದ ಬಿಡಿಸಬೇಕು. ಸಂತೆಯಲ್ಲಿ, ಹೊಲದಲ್ಲಿ ಜನ ಆಡುವ ಮಾತನ್ನು, ಗಾದೆಗಳನ್ನು ಗುರುತು ಹಾಕಿಕೊಳ್ಳಬೇಕು. ತಮಿಳು, ತೆಲುಗು, ಮಲೆಯಾಳ, ತುಳು ನುಡಿಗಳ ಪದಗಳೊಡನೆ ತಾಳೆ ನೋಡಬೇಕು. ಒಂದು ಪದ ಸಿಕ್ಕರೆ ಒಂದು ಚೀಟಿ. ಹೀಗೆ ಸುಮಾರು 70,000 ಪದಗಳ, 1,700ಕ್ಕೂ ಮಿಕ್ಕ ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಾಶನದಿಂದ ಹೊರಬಂದಿತು. ಅಷ್ಟರಲ್ಲಿ ಅವರು ಜರ್ಮನಿಗೆ ಮರಳಿ ಎರಡು ವರ್ಷವಾಗಿತ್ತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಅವರು ಕಣ್ಮುಚ್ಚಿದರು.

ಇದನ್ನು ಭಾಷಾಸೇವೆಯೆಂದು ಎಲ್ಲರೂ ಕೊಂಡಾಡುತ್ತಾರೆ, ಅದು ಸರಿಯೇ. ನಮಗೆ ಇದು ಒಬ್ಬ ಕ್ರೈಸ್ತನ ಆತ್ಮಸಾಧನೆಯ ಕಥೆಯಾಗಿಯೂ ಕಾಣುತ್ತದೆ. ಗೆಲ್ಲಬೇಕೆಂದು ಬಂದ ತರುಣ, ತನ್ನವರ ಜೊತೆಗೇ ಜಗಳವಾಡಿದ ತರುಣ, ಕೊನೆಗೆ ಪರರ ಮಾತನ್ನು ಒಂದೊಂದಾಗಿ ಆಯ್ದು, ಅದರ ಅರ್ಥ ತಪ್ಪದಂತೆ ಬರೆದಿಡುವ ತಾಳ್ಮೆಗೆ ಬಂದು ನಿಂತ. ಅವನು ಕ್ರಿಸ್ತನನ್ನು ಬಿಟ್ಟದ್ದಿಲ್ಲ. ತನಗಿಂತ ಬೇರೆಯಾದ ನಂಬಿಕೆಯವರ ನುಡಿಗೂ ಪುಟದಲ್ಲಿ ಸರಿಯಾದ ಸ್ಥಳ ಕೊಟ್ಟ. ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಬಾಲ್ಯವನ್ನು ಬಿಟ್ಟು ಬೆಳೆಯುವ ಮಾತು ಬರುವುದು ಪ್ರೀತಿಯ ವಿಷಯ ಹೇಳುವಾಗಲೇ ಎಂಬುದನ್ನು ಗಮನಿಸಬೇಕು. ಪ್ರೀತಿಯ ಮೊದಲ ಕೆಲಸ ಎದುರಿನವರು ಆಡಿದ್ದರ ಅರ್ಥವನ್ನು ಸರಿಯಾಗಿ ತಿಳಿಯುವುದು.

ಈಗ ನಮ್ಮ ಮದರಾಸಿಗೆ ಬರೋಣ. ಕಿಟ್ಟೆಲರು ಹುಟ್ಟಿದ 1832ರಲ್ಲೇ, ಬಳ್ಳಾರಿಯಲ್ಲಿ ದುಡಿದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಈ ಊರಿನಲ್ಲಿ ಅಚ್ಚಾಗಿತ್ತು. ಮುಂದೆ 1968ರಿಂದ 1971ರವರೆಗೆ ಕಿಟ್ಟೆಲ್ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಪರಿಷ್ಕರಿಸಿ, ಹಿಗ್ಗಿಸಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾನಿಲಯ. ಸಂಪಾದಕರು ಅಲ್ಲಿನ ಕನ್ನಡ ಪ್ರಾಧ್ಯಾಪಕ ಎಂ. ಮರಿಯಪ್ಪ ಭಟ್ಟರು. ಜರ್ಮನಿಯ ಪಾದ್ರಿಯೊಬ್ಬರು ಕಟ್ಟಿದ ಮನೆಗೆ ದಕ್ಷಿಣ ಕನ್ನಡದ ಕಡೆಯ ಭಟ್ಟರೊಬ್ಬರು, ತಮಿಳು ಸೀಮೆಯಲ್ಲಿ ಕುಳಿತು ಹೊಸ ಅಂಕಣಗಳನ್ನು ಸೇರಿಸಿದರು. ಅಲ್ಲಿ ಯಾರೂ ಯಾರಿಗೂ 'ಆದರೂ' ಎನ್ನಲಿಲ್ಲ.

ಆ ಸಂಪುಟಗಳಲ್ಲೊಂದನ್ನು ನಾವು ಮೊದಲು ತೆರೆದದ್ದು ಮಗನ ದೆಸೆಯಿಂದ. ಅವನು ಓದುತ್ತಿದ್ದುದು ಇಲ್ಲಿನ ಶಾಲೆಯಲ್ಲಿ, ಆಟವೆಲ್ಲ ತಮಿಳಿನಲ್ಲಿ. ಒಂದು ದಿನ ಅಡಿಗೆಮನೆಯಲ್ಲಿ "ಅಮ್ಮಾ, ಪಾಲು ಕೊಡು" ಎಂದ. ನಾವು ಸಿಡುಕಿದೆವು: "ಪಾಲಲ್ಲ, ಹಾಲು ಅನ್ನು." ಮಗ ಸುಮ್ಮನಾದ. ಮರುವಾರ ಸ್ನೇಹಿತರೊಬ್ಬರ ಮನೆಯ ಬೀರುವಿನಲ್ಲಿದ್ದ ಆ ಸಂಪುಟದಲ್ಲಿ ಬೇರೇನೋ ಹುಡುಕುತ್ತಿದ್ದಾಗ 'ಪಾಲ್' ಎಂಬ ಪದ ಕಣ್ಣಿಗೆ ಬಿತ್ತು. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಎಂದೇ ಹೆಸರು! ಹುಲಿ ಪುಲಿಯಾಗಿತ್ತು, ಹಲ್ಲು ಪಲ್ ಆಗಿತ್ತು. ನಮ್ಮ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು, ತಮಿಳರದು ಹಾಗೆಯೇ ಉಳಿಯಿತು. ಮಗ ಆಡಿದ ಮಾತು ನಮ್ಮ ಹಿರಿಯರ ಮಾತೇ ಆಗಿತ್ತು. ಅದನ್ನು ತಿಳಿಯದೆ ಸಿಡುಕಿದವರು ನಾವು. ಆ ಹಿರಿಯರ ಮಾತಿಗೂ ಹೀಗೆಯೇ ಸಿಡುಕಿದ್ದೆವಲ್ಲ ಎಂಬುದು ಆಗ ಹೊಳೆಯಿತು. ಅವರು ನಮ್ಮನ್ನು ಹೊರಗಿಡಲು ಆಡಿರಲಿಲ್ಲ. ಕ್ರೈಸ್ತ ಕನ್ನಡಿಗರ ಚರಿತ್ರೆ ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ನಮಗೂ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಮುನಿಯುವ ಬದಲು ಹೇಳುತ್ತಿದ್ದೆವು.

ಆ ವರ್ಷದ ರಾಜ್ಯೋತ್ಸವಕ್ಕೆ ನಾವು ಮತ್ತೆ ಹೋದೆವು. ಆ ಹಿರಿಯರ ಪಕ್ಕದಲ್ಲೇ ಕುಳಿತು ಕಿಟ್ಟೆಲರ ಕಥೆಯನ್ನು ಹೇಳಿದೆವು. ಅವರು ಪೂರ್ತಿ ಕೇಳಿ, "ಇದನ್ನು ಬರೆದುಕೊಡಿ, ಎಲ್ಲರೂ ಓದಲಿ" ಎಂದರು. ಈ ಲೇಖನ ಹುಟ್ಟಿದ್ದು ಹಾಗೆ.

ಎಣ್ಣೂರಿನಲ್ಲಿ ಕೊಸಸ್ತಲೆ ಆರು ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಸಂಜೆ ನಡೆಯುವಾಗ ನಾವೂ ಮಗನೂ ಈಗ ಒಂದು ಆಟ ಆಡುತ್ತೇವೆ. ಅವನು ತಮಿಳು ಪದ ಹೇಳುತ್ತಾನೆ. ಅದರ ಕನ್ನಡ ನಂಟನ್ನು ನಾವು ಹುಡುಕಬೇಕು. ಹೆಚ್ಚಾಗಿ ಸೋಲುವವರು ನಾವೇ. ಭಾನುವಾರ ತಮಿಳಿನಲ್ಲಿ ಆರಾಧನೆ, ರಾತ್ರಿ ಮನೆಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ. ಕ್ಷಮೆಯ ಆ ಸಾಲು ಬಂದಾಗ ಮಾತ್ರ ಈಗ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.