ಡಿಜೆ ಜಾನಪದ (ಚಿಕ್ಕೋಡಿ ಸೀಮೆ)

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿಯೂ ಉತ್ತರ ಕರ್ನಾಟಕದ ಇತರೆಡೆಗಳಲ್ಲಿಯೂ ಬಳಕೆಯಲ್ಲಿರುವ ಪ್ರೇಮಗೀತೆಯ ಪ್ರಕಾರ. ಸಿನಿಮಾದ ಹಂಗಿಲ್ಲದೆ ಒಂದೊಂದೇ ಹಾಡಾಗಿ ಯೂಟ್ಯೂಬ್‌ನಲ್ಲಿ ಬಿಡುಗಡೆಯಾಗುತ್ತದೆ. ಜನಪ್ರಿಯವಾದರೆ ಬೆನ್ನಿಗೇ ಬೇರೆ ಬೇರೆ ಡಿಜೆಗಳ ರಿಮಿಕ್ಸ್‌ಗಳು ಹೊರಬೀಳುತ್ತವೆ. ಮೊದಲು ಕ್ಯಾಸೆಟ್, ಆಮೇಲೆ ಸಿಡಿ ಮತ್ತು ಮೆಮೊರಿ ಕಾರ್ಡ್‌ಗಳಲ್ಲಿ ಹರಿದಾಡುತ್ತಿದ್ದ ಈ ಬಗೆಯ ಹಾಡುಗಳು 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಹಳ್ಳಿಯ ಮೊಬೈಲಿಗೆ ನೇರವಾಗಿ ತಲುಪತೊಡಗಿದವು.

ಈ ಸೀಮೆಯ ಅತಿ ಪ್ರಸಿದ್ಧ ಉದಾಹರಣೆ ‘ನಾ ಡ್ರೈವರ’. ಹಾಡಿದವರು ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ. ಹಾಡು ಕೋಟಿಗಟ್ಟಲೆ ವೀಕ್ಷಣೆ ಪಡೆಯಿತು. ಗಾಯಕರು 2025ರಲ್ಲಿ ಬಿಗ್ ಬಾಸ್ ಕನ್ನಡದ 12ನೇ ಆವೃತ್ತಿಗೆ ಸ್ಪರ್ಧಿಯಾಗಿ ಹೋದರು. ಹಾಡಿನ ನಾಯಕ ಡ್ರೈವರನೇ ಆಗಿರುವುದು ಆಕಸ್ಮಿಕವಲ್ಲ. ಕೃಷ್ಣಾ ದಂಡೆಯ ಈ ನೀರಾವರಿ ಪ್ರದೇಶದಲ್ಲಿ ಕಬ್ಬೇ ಮುಖ್ಯ ಬೆಳೆ, ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಂಪನಿ ತಲೆಯೆತ್ತಿತ್ತು. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲುರಾತ್ರಿ ಓಡುತ್ತವೆ. ಗದ್ದೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಲೋಡು ತುಂಬುವವರೆಗೆ, ಕಾರ್ಖಾನೆಯ ಮುಂದೆ ಪಾಳಿ ಬರುವವರೆಗೆ ಡ್ರೈವರನಿಗೆ ಕಾಯುವುದೇ ಕೆಲಸ. ಆ ಹೊತ್ತಿಗೆಲ್ಲ ಜೊತೆ ಟೇಪು. ಹೀಗಾಗಿ ಹಾಡಿನ ಮೊದಲ ಕೇಳುಗನೇ ಹಾಡಿನ ನಾಯಕನೂ ಆಗಿದ್ದಾನೆ.

ರಚನೆ ಸರಳ: ಒಂದು ಪಲ್ಲವಿ, ಮೂರೋ ನಾಲ್ಕೋ ನುಡಿ, ಐತಿ-ಹೋಗತೇನಿ ಎನ್ನುವ ಇಲ್ಲಿನ ಆಡುಮಾತು. ಮೊಬೈಲ್ ನಂಬರು, ಜಾತ್ರೆಯಲ್ಲಿನ ಭೇಟಿ, ಕೈಕೊಟ್ಟ ಹುಡುಗಿಯ ಮದುವೆ ಎಲ್ಲವೂ ವಸ್ತುವಾಗುತ್ತವೆ. ಕೈಕೊಟ್ಟ ಹುಡುಗ ಮಾತ್ರ ಅಪರೂಪ. ಬರೆಯುವವರು ಬಹುಪಾಲು ಗಂಡಸರು. ಹಲವು ಹಾಡುಗಳಲ್ಲಿ ಕೊನೆಯ ನುಡಿ ಬರೆದವನ ಊರು, ಹೆಸರು ಸಾರುತ್ತದೆ. ಲಾವಣಿ, ಗೀಗೀ ಪದಗಳಿಂದ ಬಂದ ರೂಢಿಯಿದು. ರಿಮಿಕ್ಸ್‌ನಲ್ಲಿ ಮೊದಲು ಕತ್ತರಿ ಬೀಳುವುದು ಸಾಮಾನ್ಯವಾಗಿ ಆ ಕೊನೆಯ ನುಡಿಗೇ. ಬದಲಿಗೆ ಡಿಜೆಯ ಹೆಸರನ್ನು ಗಡಸು ದನಿಯಲ್ಲಿ ಹೇಳಿಸಿದ ತುಣುಕು ನಡುನಡುವೆ ಮತ್ತೆ ಮತ್ತೆ ಬಂದು ಹೋಗುತ್ತದೆ.

ರಿಮಿಕ್ಸ್ ಮಾಡುವವರಿಗೆ ದೊಡ್ಡ ಸ್ಟುಡಿಯೋ ಬೇಕಿಲ್ಲ, ಒಂದು ಕಂಪ್ಯೂಟರು, ಎಫ್‌ಎಲ್ ಸ್ಟುಡಿಯೋದಂಥ ತಂತ್ರಾಂಶವಿದ್ದರೆ ಸಾಕು. ದನಿಯನ್ನು ವಾದ್ಯದಿಂದ ಬೇರ್ಪಡಿಸಿ, ಗತಿ ಏರಿಸಿ, ಕೆಳಗೆ ಹೊಸ ಬೇಸ್ ಕೂಡಿಸುತ್ತಾರೆ. ಹಲಗೆಯ ಪೆಟ್ಟು ಸೇರಿಸಿದರೆ ‘ಹಲಗಿ ಮಿಕ್ಸ್’. ಮೆರವಣಿಗೆಗೆ ಒಂದು ಬಗೆ, ಕಾರಿನ ಸ್ಪೀಕರಿಗೆ ಇನ್ನೊಂದು. ಒಂದೇ ಹಾಡಿಗೆ ಇಂಥ ಎಷ್ಟೋ ರೂಪಗಳು. ಮದುವೆ, ಗಣಪತಿ ಮೆರವಣಿಗೆ, ಊರ ಜಾತ್ರೆಗಳಲ್ಲಿ ಮೂಲಕ್ಕಿಂತ ಇವೇ ಹೆಚ್ಚು ಕೇಳುತ್ತವೆ. ಮಾತು ಬೇಸಿನಡಿ ಹುಗಿದುಹೋಗುತ್ತದೆ ಎಂಬ ದೂರು ನ್ಯಾಯವಾದದ್ದೇ, ಆದರೆ ಕುಣಿಯುವವರಿಗೆ ಮಾತು ಆಗಲೇ ಬಾಯಿಪಾಠ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಡಿಜೆ ಗಾಡಿಯ ಮುಂದೆ ನಿಂತವರಿಗೆ ಈ ಅಂಕಿ ಕೇಳಿದರೆ ನಗು ಬಂದೀತು.

ಒಂದೇ ಹಾಡಿಗೆ ಹಲವು ರೂಪ ಕೊಡುವ ಪದ್ಧತಿ ಜಗತ್ತಿಗೆ ಹೊಸದಲ್ಲ. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಟಾಮ್ ಮೌಲ್ಟನ್ ಸೋಲ್ ಮತ್ತು ಡಿಸ್ಕೋ ಹಾಡುಗಳನ್ನು ಕುಣಿಯುವವರಿಗಾಗಿ ಹಿಗ್ಗಿಸಿ, 12 ಇಂಚಿನ ತಟ್ಟೆಗಳಲ್ಲಿ ಹೊರತರುವುದಕ್ಕೆ ದಾರಿ ಹಾಕಿದ. ಸೋಲ್ ಸಂಗೀತ ಚರ್ಚಿನ ಏರುದನಿಯನ್ನು ಪ್ರೇಮದ ಹಾಡಿಗೆ ಒಗ್ಗಿಸಿಕೊಂಡಂತೆ, ಇಲ್ಲಿನ ಗಾಯಕರ ಕಂಠದಲ್ಲೂ ಭಜನೆ, ಡೊಳ್ಳಿನ ಪದಗಳ ಎಳೆತ ಕೇಳುತ್ತದೆ.

ಈ ಶೈಲಿ ಬೆಂಗಳೂರಿನ ಸಿನಿಮಾಕ್ಕೂ ಬೇಕಾಯಿತು. 2018ರ ‘ರ‍್ಯಾಂಬೋ 2’ ಚಿತ್ರಕ್ಕಾಗಿ ಶಿವು ಭೇರ್ಗಿ ಉತ್ತರ ಕರ್ನಾಟಕದ ಮಾತಿನಲ್ಲಿ ಬರೆದ ‘ಚುಟು ಚುಟು’ವನ್ನು ಅರ್ಜುನ್ ಜನ್ಯ ಸಂಗೀತದಲ್ಲಿ ರವೀಂದ್ರ ಸೊರಗಾವಿ, ಶಮಿತಾ ಮಲ್ನಾಡ್ ಹಾಡಿದರು. ಯೂಟ್ಯೂಬ್‌ನಲ್ಲಿ 10 ಕೋಟಿ ವೀಕ್ಷಣೆ ದಾಟಿದ ಮೊದಲ ಕನ್ನಡ ಹಾಡೆಂದು ಅದು ಹೆಸರಾಯಿತು. ಡಿಜೆಗಳು ಸಿನಿಮಾದ್ದೆಂದು ಭೇದ ಮಾಡದೆ ಅದಕ್ಕೂ ಹಲಗಿ ಹಚ್ಚಿದರು.